ಫರಕ್ಕಾ ಅಂತ ಇರುವ ಕಡೆ ಕೆಆರ್‌ಎಸ್ ಅಂತ ಓದು

ಕಾವೇರಿಗೆ ಕಟ್ಟಿದ ಕನ್ನಂಬಾಡಿ ಕಟ್ಟೆಯ, ಅಂದರೆ ಕೆಆರ್‌ಎಸ್‌ನ ನೀರು 100 ಅಡಿಗಿಂತ ಕೆಳಗಿಳಿಯಿತು ಅಂದರೆ ನಮ್ಮ ಮನೆಯವರ ವಾಟ್ಸಾಪ್ ಗುಂಪಿಗೆ ಜೀವ ಬರುತ್ತದೆ. ಅಲ್ಲಿಯವರೆಗೆ ಗುಡ್ ಮಾರ್ನಿಂಗ್ ಹೂವು, ಯಾರದೋ ಮಗುವಿನ ನಾಮಕರಣದ ಫೋಟೊ ಅಷ್ಟೇ. ಮಟ್ಟ ಇಳಿದ ದಿನದಿಂದ ಒಳಹರಿವು ಎಷ್ಟು, ಹೊರಹರಿವು ಎಷ್ಟು, ತಮಿಳುನಾಡು ಗಡಿಯ ಬಿಳಿಗುಂಡ್ಲುವಿನಲ್ಲಿ ಎಷ್ಟು ದಾಟಿತು ಅನ್ನುವ ಲೆಕ್ಕ ನಾನು ಹಲ್ಲುಜ್ಜುವ ಮೊದಲೇ ಬಂದು ಬಿದ್ದಿರುತ್ತದೆ. ಅದರ ಕೆಳಗೆ ದೊಡ್ಡಪ್ಪನ ಮಗ, ನಮ್ಮ ದೊಡ್ಡಣ್ಣ, ಒಂದು ಮಾತು ತಪ್ಪದೆ ಹಾಕುತ್ತಾನೆ: "ನಮ್ಮನೇಲಿ ಎಂ.ಎ. ಓದಿರೋಳು ಒಬ್ಳವ್ಳೆ. ಅದೇನೋ ಅಂತರರಾಷ್ಟ್ರೀಯ ಅಂತೆ. ಪುಟ್ಟಿ, ತಮಿಳ್ನಾಡೋರ್ಗೆ ಒಂದು ಉತ್ತರ ಬರ್ದು ಹಾಕವ್ವ, ಎಲ್ಲಾರ್ಗೂ ಕಳುಸ್ತೀನಿ."

ರಾಜ್ಯಶಾಸ್ತ್ರ ಓದಿದವರಿಗೆ ಜನ ಕೇಳುವ ಪ್ರಶ್ನೆ ಸಾಮಾನ್ಯವಾಗಿ ಎರಡೇ. ಈ ಸಲ ಯಾರು ಗೆಲ್ತಾರೆ? ಐಎಎಸ್ ಯಾಕೆ ಬರೀಲಿಲ್ಲ? ಎರಡಕ್ಕೂ ನಕ್ಕು ತಪ್ಪಿಸಿಕೊಳ್ಳುವುದನ್ನು ಕಲಿತಿದ್ದೇನೆ. ದೊಡ್ಡಣ್ಣನ ಈ ಮೂರನೆಯದರಿಂದ ಮಾತ್ರ ತಪ್ಪಿಸಿಕೊಳ್ಳಲು ಆಗುವುದಿಲ್ಲ. ಬರೆಯೋಣ ಅಂತ ಕೂರುತ್ತೇನೆ. ಎರಡು ಸಾಲು ಬರೆಯುತ್ತೇನೆ, ಅಳಿಸುತ್ತೇನೆ. ನಮ್ಮದೂ ಒಂದು ಎಕರೆ ಹತ್ತು ಗುಂಟೆ ಗದ್ದೆ ಇದೆ, ಮದ್ದೂರು ತಾಲ್ಲೂಕಿನಲ್ಲಿ. ನೀರು ಬಿಡದ ವರ್ಷ ಅಪ್ಪನ ಮುಖ ಹೇಗಿರುತ್ತದೆ ಅಂತ ನನಗೆ ಗೊತ್ತು. ನಮ್ಮವರ ಮೇಲೆ ಪ್ರೀತಿ ಇಲ್ಲ ಅಂತಲ್ಲ. ಬರೆದ ಎರಡು ಸಾಲನ್ನು ಓದಿ ನೋಡಿದಾಗ ಅದನ್ನು ಇನ್ಯಾರೋ ನನಗೆ ತಿರುಗಿಸಿ ಹೇಳಿದ ಹಾಗೆ ಕೇಳಿಸುತ್ತದೆ. ಆ ಖಾಯಿಲೆ ಹಿಡಿದದ್ದು ಎಂ.ಎ. ಮೂರನೇ ಸೆಮಿಸ್ಟರಿನಲ್ಲಿ.

ಕರ್ನಾಟಕ ಒಂದು ರಾಜ್ಯವೇ?

ಅದಕ್ಕೂ ಮೊದಲು ಬಿ.ಎ. ದಿನಗಳ ಒಂದು ವಿಷಯ ಹೇಳಬೇಕು. ಮಂಡ್ಯದಲ್ಲಿ ನಮ್ಮದು ಎಚ್‌ಇಪಿ. ಇತಿಹಾಸ, ಅರ್ಥಶಾಸ್ತ್ರ, ರಾಜ್ಯಶಾಸ್ತ್ರ. ಬೇರೆಲ್ಲೂ ಸೀಟು ಸಿಗದವರು ಬಂದು ಕೂರುವ ಜಾಗ ಅಂತ ಅದಕ್ಕೆ ಹೆಸರು. ಮೊದಲ ಪಾಠವೇ ರಾಜ್ಯದ ಮೂಲಾಂಶಗಳು. ಜನಸಂಖ್ಯೆ, ಭೂಪ್ರದೇಶ, ಸರ್ಕಾರ, ಸಾರ್ವಭೌಮತ್ವ. ಪಿಯುಸಿಯಲ್ಲೂ ಇದೇ, ಬಿ.ಎ.ಯಲ್ಲೂ ಇದೇ, ಎಂ.ಎ. ಮೊದಲ ವಾರದಲ್ಲೂ ಇದೇ. ಪರೀಕ್ಷೆಗೆ ಎರಡು ಅಂಕದ ಒಂದು ಪ್ರಶ್ನೆ ಗ್ಯಾರಂಟಿ: ಕರ್ನಾಟಕ ಒಂದು ರಾಜ್ಯವೇ? ಉತ್ತರ: ಅಲ್ಲ. ಯಾಕೆಂದರೆ ಅದಕ್ಕೆ ಸಾರ್ವಭೌಮತ್ವ ಇಲ್ಲ. ನವೆಂಬರ್ ಒಂದಕ್ಕೆ ಹಳದಿ ಕೆಂಪು ಬಾವುಟ ಹಿಡಿದು ರಾಜ್ಯೋತ್ಸವ ಮಾಡುತ್ತಿದ್ದೆವು, ಎರಡನೇ ತಾರೀಕು ಕ್ಲಾಸಿಗೆ ಬಂದು ಕರ್ನಾಟಕ ರಾಜ್ಯವಲ್ಲ ಅಂತ ಬರೆಯುತ್ತಿದ್ದೆವು. ಯಾರಿಗೂ ಇದರಲ್ಲಿ ವಿಚಿತ್ರ ಅನ್ನಿಸುತ್ತಿರಲಿಲ್ಲ. ಈಗ ನಾನು ಅತಿಥಿ ಉಪನ್ಯಾಸಕಿಯಾಗಿ ಅದೇ ಪಾಠ ಮಾಡುತ್ತೇನೆ. ಪ್ರತಿ ವರ್ಷ ಹಿಂದಿನ ಬೆಂಚಿನಿಂದ ಒಂದು ಹುಡುಗ "ಮೇಡಂ, ಹಂಗಾದ್ರೆ ಇದೇನು?" ಅಂತ ಕೇಳಿಯೇ ಕೇಳುತ್ತಾನೆ.

ಇಂಥ ಪದಗಳ ಜೊತೆ ಗುದ್ದಾಡುವುದೇ ಕನ್ನಡದಲ್ಲಿ ಈ ವಿಷಯ ಓದುವವರ ಅರ್ಧ ಕೆಲಸ. ಅರಾಜಕತೆ ಅನ್ನುವ ಪದ ನೋಡಿ. ಪೇಪರಿನಲ್ಲಿ ಅದರ ಅರ್ಥ ಕಲ್ಲು ತೂರಾಟ, ಟೈರಿಗೆ ಬೆಂಕಿ. ಅಂತರರಾಷ್ಟ್ರೀಯ ಸಂಬಂಧಗಳ ಪಾಠದಲ್ಲಿ ಅದರ ಅರ್ಥ ಬೇರೆ: ದೇಶಗಳ ಮೇಲೆ ಕೂತು ತೀರ್ಪು ಕೊಟ್ಟು, ಆ ತೀರ್ಪನ್ನು ನಡೆಸಿಕೊಡುವ ಯಜಮಾನ ಯಾರೂ ಇಲ್ಲ ಅಂತ. ಗಲಾಟೆ ಇರಲೇಬೇಕಂತಿಲ್ಲ. ಹಾಗೆ ನೋಡಿದರೆ ಈ ಎರಡನೆಯದೇ ಪದಕ್ಕೆ ಸರಿಯಾಗಿ ಕೂರುತ್ತದೆ. ರಾಜ ಇಲ್ಲ, ಅಷ್ಟೇ. ಎಂ.ಎ. ಓದಲು ಮೈಸೂರು ವಿಶ್ವವಿದ್ಯಾಲಯದ ಮಾನಸಗಂಗೋತ್ರಿಗೆ ಹೋದಾಗ ನನಗೆ ಮೊದಲು ತಲೆಗೆ ಹತ್ತಿದ್ದು ಇದೊಂದೇ. ಹತ್ತಿದ್ದಕ್ಕೆ ಕಾರಣ ನೀರುಗಂಟಿ. ಊರಿನಲ್ಲಿ ತೂಬು ಎತ್ತುವವನು, ಇಳಿಸುವವನು ಅವನು. ಯಾರ ಗದ್ದೆಗೆ ಎಷ್ಟು ಹೊತ್ತು ನೀರು ಅಂತ ಹೇಳುವವನು ಅವನು. ನೀರುಗಂಟಿ ಇಲ್ಲದ ನಾಲೆಯ ಹಾಗೆ ಜಗತ್ತು ಅಂತ ನಾನು ನೋಟ್ಸಿನ ಅಂಚಿನಲ್ಲಿ ಬರೆದುಕೊಂಡೆ. ಆಮೇಲೆ ಓದಿದ ವಾಸ್ತವವಾದ, ಉದಾರವಾದ ಅನ್ನುವ ಸಿದ್ಧಾಂತಗಳೆಲ್ಲ ಆ ಒಂದು ಸಾಲಿನ ಮೇಲಿನ ಜಗಳದ ಹಾಗೆ ಕಾಣಿಸಿತು. ಈ ವಿಷಯಕ್ಕೆ ಮೊದಲ ಪ್ರಾಧ್ಯಾಪಕ ಪೀಠ ಶುರುವಾಗಿದ್ದು 1919ರಲ್ಲಿ, ವೇಲ್ಸ್‌ನ ಅಬೆರಿಸ್ಟ್‌ವಿತ್‌ನಲ್ಲಿ, ಮೊದಲ ಮಹಾಯುದ್ಧ ಮುಗಿದ ಮರುವರ್ಷ. 1916ರಲ್ಲಿ ಶುರುವಾದ ನಮ್ಮ ಮೈಸೂರು ವಿಶ್ವವಿದ್ಯಾಲಯಕ್ಕಿಂತ ಮೂರು ವರ್ಷ ಚಿಕ್ಕದು. ಏನೋ ದೊಡ್ಡ ಹಳೇ ಶಾಸ್ತ್ರ ಅಂತ ಹೆದರಿದ್ದ ನನಗೆ ಇದನ್ನು ಕೇಳಿ ಸ್ವಲ್ಪ ಧೈರ್ಯ ಬಂದಿತ್ತು.

ಆ ವರ್ಷದ ಸೆಪ್ಟೆಂಬರ್

2016ರ ಸೆಪ್ಟೆಂಬರ್ 5ಕ್ಕೆ ಸುಪ್ರೀಂ ಕೋರ್ಟ್ ತಮಿಳುನಾಡಿಗೆ ಹತ್ತು ದಿನ ದಿನಕ್ಕೆ 15,000 ಕ್ಯುಸೆಕ್ (ಸೆಕೆಂಡಿಗೆ ಅಷ್ಟು ಘನ ಅಡಿ) ಕಾವೇರಿ ನೀರು ಬಿಡಿ ಅಂದಿತು. ಆಮೇಲಿನದು ನಿಮಗೆ ಗೊತ್ತು. 12ರಂದು ಬೆಂಗಳೂರಿನಲ್ಲಿ ಬಸ್ಸು ಸುಟ್ಟವು. ಮಂಡ್ಯದ ಸಂಜಯ ವೃತ್ತದಲ್ಲಿ ಜನ ರಸ್ತೆಯಲ್ಲೇ ಕೂತಿದ್ದರು. ನಾನು ಹಬ್ಬಕ್ಕೆಂದು ಊರಿಗೆ ಬಂದವಳು ಮೈಸೂರಿಗೆ ವಾಪಸ್ ಹೋಗಲಾಗದೆ ಮನೆಯಲ್ಲೇ ಉಳಿದೆ. ದಿನಾ ಸಂಜೆ ಅಪ್ಪ ಹೋರಾಟಕ್ಕೆ ಹೋಗಿ ಬಂದು ಕಾಲು ತೊಳೆದುಕೊಂಡು ಟಿ.ವಿ. ಮುಂದೆ ಕೂರುತ್ತಿದ್ದರು. ನಾನೂ ಒಂದು ದಿನ ಹೋಗಿದ್ದೆ. ಘೋಷಣೆ ಕೂಗಿದ್ದೆ. ನಮ್ಮ ನೀರು ನಮ್ಮ ಹಕ್ಕು ಅಂತ ಕೂಗುವಾಗ ಗಂಟಲು ಕಟ್ಟಿ ಬಂದದ್ದು ಸುಳ್ಳಲ್ಲ.

ಕ್ಲಾಸು ಮತ್ತೆ ಶುರುವಾದ ಮೇಲೆ ಇಂಟರ್ನಲ್ಸ್‌ಗೆ ಸೆಮಿನಾರ್ ಬಂತು. ನಮ್ಮ ಮೇಡಂ ಚೀಟಿ ಎತ್ತಿಸುತ್ತಿದ್ದರು. ಒಂದು ವಿವಾದ, ಎರಡು ಕಡೆ, ಚೀಟಿಯಲ್ಲಿ ಬಂದ ದೇಶದ ಪರವಾಗಿ ಹದಿನೈದು ನಿಮಿಷ ಮಾತಾಡಬೇಕು. ನನಗೆ ಬಂದದ್ದು ಫರಕ್ಕಾ, ಬಾಂಗ್ಲಾದೇಶದ ಕಡೆ. ಭಾರತದ ಕಡೆ ಬಂದದ್ದು ನರಗುಂದದ ಒಬ್ಬ ಹುಡುಗನಿಗೆ. ಗೋವಾಕ್ಕೆ ಹರಿಯುವ ಮಹದಾಯಿ ನೀರನ್ನು ನಮ್ಮ ಕಡೆ ತಿರುಗಿಸಿ ಅನ್ನುವ ಧರಣಿ ಅವರ ಊರಿನಲ್ಲಿ ವರ್ಷ ದಾಟಿತ್ತು. ಮೇಡಂ ಬೇಕಂತಲೇ ಚೀಟಿ ಹೀಗೆ ಹಾಕಿದ್ದರೋ ಏನೋ, ಇವತ್ತಿಗೂ ನನಗೆ ಅನುಮಾನ.

ಫರಕ್ಕಾ ಬಗ್ಗೆ ಅಲ್ಲಿಯವರೆಗೆ ನನಗೆ ಹೆಸರು ಬಿಟ್ಟು ಏನೂ ಗೊತ್ತಿರಲಿಲ್ಲ. ಪಶ್ಚಿಮ ಬಂಗಾಳದ ಮುರ್ಷಿದಾಬಾದ್ ಜಿಲ್ಲೆಯಲ್ಲಿ ಗಂಗೆಗೆ ಅಡ್ಡ ಕಟ್ಟಿದ ಬ್ಯಾರೇಜ್ ಅದು. 1975ರಲ್ಲಿ ಶುರುವಾಯಿತು. ಬಾಂಗ್ಲಾ ಗಡಿಗೆ ಅಲ್ಲಿಂದ 20 ಕಿ.ಮೀ. ಕೂಡ ಇಲ್ಲ. ಕಟ್ಟಿದ್ದು ಗದ್ದೆಗೆ ಅಲ್ಲ. ಹೂಗ್ಲಿ ನದಿಯಲ್ಲಿ ಹೂಳು ತುಂಬಿ ಕೋಲ್ಕತ್ತ ಬಂದರಿಗೆ ಹಡಗು ಬರುವುದು ಕಷ್ಟವಾಗಿತ್ತು. ಗಂಗೆಯಿಂದ 40,000 ಕ್ಯುಸೆಕ್‌ವರೆಗೆ ಅತ್ತ ತಿರುಗಿಸಿ ಹೂಳು ತೊಳೆಯುವ ಯೋಜನೆ. ಮಳೆಗಾಲದಲ್ಲಿ ಯಾರಿಗೂ ತೊಂದರೆ ಇಲ್ಲ, ಎಲ್ಲರಿಗೂ ಮುಳುಗುವಷ್ಟು ನೀರು. ಜಗಳ ಎಲ್ಲ ಜನವರಿಯಿಂದ ಮೇವರೆಗೆ. 1976ರ ಮೇನಲ್ಲಿ ಮೌಲಾನಾ ಭಾಷಾನಿ ಅನ್ನುವ ಬಾಂಗ್ಲಾದ ಮುದುಕ ನಾಯಕ ಸಾವಿರಾರು ಜನರನ್ನು ಕಟ್ಟಿಕೊಂಡು ಫರಕ್ಕಾ ಕಡೆಗೆ ನಡೆದರು. ಈ ನಡಿಗೆಯ ಬಗ್ಗೆ ಓದುವಾಗ ನನಗೆ ಮದ್ದೂರಿನಿಂದ ಹೊರಡುತ್ತಿದ್ದ ಪಾದಯಾತ್ರೆಗಳು ನೆನಪಾದವು. ಟವೆಲ್ ಹೆಗಲ ಮೇಲೆ ಹಾಕಿಕೊಂಡು ಮುಂದೆ ನಡೆಯುವ ಮುದುಕರು, ಹಿಂದೆ ಮಜ್ಜಿಗೆ ತುಂಬಿದ ಟೆಂಪೊ.

ಸೆಮಿನಾರಿನ ದಿನ ನಾನು ಚೆನ್ನಾಗಿಯೇ ಮಾತಾಡಿದೆ, ಯಾಕೆ ಸುಳ್ಳು ಹೇಳಲಿ. ಬೇಸಿಗೆಯಲ್ಲಿ ಪದ್ಮಾ ನದಿಯ (ಬಾಂಗ್ಲಾದಲ್ಲಿ ಗಂಗೆಗೆ ಅದೇ ಹೆಸರು) ಮಧ್ಯೆ ಎದ್ದು ನಿಲ್ಲುವ ಮರಳ ದಿಬ್ಬ, ಸಿಹಿನೀರು ಕಡಿಮೆಯಾಗಿ ಖುಲ್ನಾ ಕಡೆ ಒಳಗೆ ನುಗ್ಗುವ ಉಪ್ಪುನೀರು, ಎಲ್ಲ ಹೇಳಿದೆ. ಮೇಲಿನವರು ಮೊದಲು ಕಟ್ಟಿ ಆಮೇಲೆ ಮಾತುಕತೆಗೆ ಕರೆಯುತ್ತಾರೆ ಅಂದೆ. ಶತಮಾನಗಳಿಂದ ಹರಿದು ಬರುತ್ತಿದ್ದ ನೀರು ನಮ್ಮ ರೂಢಿಯ ಹಕ್ಕು ಅಂದೆ. "ಕೆಳಗಿನವರು ಮೇಲಿನವರ ದಯೆಯಲ್ಲಿ ಬದುಕಬೇಕಾ?" ಅಂತ ಮುಗಿಸಿದೆ. ನರಗುಂದದವನು ಎದ್ದ. ಅವನು ಭಾರತ ಅನ್ನುವುದನ್ನೇ ಮರೆತ. "ನಮ್ಮ ನೆಲದಾಗಿನ ನೀರು ನಾವು ಒಂದಿಷ್ಟು ತಿರುವಿಕೊಂಡ್ರ ತಪ್ಪೇನೈತ್ರಿ? ಸುಮ್ನ ಸಮುದ್ರಕ್ಕ ಹೋಗೂದು ನೋಡಕೋತ ಕುಂದರಬೇಕೇನ್ರಿ?" ಕ್ಲಾಸೆಲ್ಲ ಚಪ್ಪಾಳೆ. ಅವನಿಗೇ ಜಾಸ್ತಿ.

ಮೇಡಂ ಕನ್ನಡಕ ತೆಗೆದು ಟೇಬಲ್ ಮೇಲೆ ಇಟ್ಟರು. ನನ್ನ ಹಾಳೆ ನನಗೇ ವಾಪಸ್ ಕೊಟ್ಟರು. "ಚೆನ್ನಾಗಿ ಮಾಡಿದ್ದೀಯಮ್ಮ. ಕೊನೇ ಪುಟ ಇನ್ನೊಂದು ಸಲ ಓದು. ಫರಕ್ಕಾ ಅಂತ ಇರೋ ಕಡೆ ಕೆಆರ್‌ಎಸ್ ಅಂತ ಓದು. ಪದ್ಮಾ ಅಂತ ಇರೋ ಕಡೆ ಕಾವೇರಿ."

ಓದಲು ಶುರು ಮಾಡಿದೆ. ಒಂದೂವರೆ ಸಾಲು. ಮೊದಲು ಕಟ್ಟುತ್ತಾರೆ, ರೂಢಿಯ ಹಕ್ಕು. ಹೋದ ತಿಂಗಳು ಟಿ.ವಿ.ಯಲ್ಲಿ ತಮಿಳುನಾಡಿನ ಕಡೆಯವರು ಹೇಳಿದ್ದು, ಅಪ್ಪ ರಿಮೋಟ್ ಕುಕ್ಕಿ ಬೈದದ್ದು, ಪದಕ್ಕೆ ಪದ ಇದೇ ಆಗಿತ್ತು. ನಾನು ನಿಂತುಬಿಟ್ಟೆ. ಹಿಂದೆ ಯಾರೋ ಕಿಸಕ್ಕನೆ ನಕ್ಕರು. ಮೇಡಂ ನಗಲಿಲ್ಲ. ನರಗುಂದದವನ ಕಡೆ ತಿರುಗಿ, "ನೀನೂ ತಯಾರಾಗು. ಮುಂದಿನ ವಾರ ಗೋವಾ" ಅಂದರು. ಇಪ್ಪತ್ತೈದಕ್ಕೆ ಇಪ್ಪತ್ತೆರಡು ಕೊಟ್ಟರು. ಆ ಇಪ್ಪತ್ತೆರಡರಿಂದ ನನಗೆ ಇವತ್ತಿನವರೆಗೂ ಒಂದು ಪೈಸೆ ಸಂತೋಷ ಸಿಕ್ಕಿಲ್ಲ.

ಒಂದೇ ಅಲ್ಲ, ಆದರೂ

ಹಾಸ್ಟೆಲಿಗೆ ಬಂದು ನನ್ನೊಳಗೆ ನಾನೇ ವಕೀಲಿಕೆ ಶುರು ಮಾಡಿದೆ. ಎರಡೂ ಒಂದೇ ಹೇಗಾಗುತ್ತದೆ? ಬಾಂಗ್ಲಾ ಬೇರೆ ದೇಶ. ಕಾವೇರಿ ಒಂದೇ ದೇಶದೊಳಗಿನದು. ನಮ್ಮ ಮೇಲೆ ಸಂವಿಧಾನ ಇದೆ, ರಾಜ್ಯಗಳ ನಡುವಿನ ನದಿ ಜಗಳಕ್ಕೆ ಅಂತಲೇ 262ನೇ ವಿಧಿ ಇದೆ, 1956ರ ಕಾಯ್ದೆ ಇದೆ, ನ್ಯಾಯಮಂಡಳಿ ಇದೆ. ಅಲ್ಲದೆ 1892ರ ಕಾವೇರಿ ನೀರಿನ ಒಪ್ಪಂದಕ್ಕೆ ಮೈಸೂರು ಸಹಿ ಹಾಕಿದ್ದು ಸರಿಸಮನಾಗಿ ಕೂತು ಅಲ್ಲ. ಆ ಕಡೆ ಕೂತಿದ್ದದ್ದು ಬ್ರಿಟಿಷರ ಮದ್ರಾಸು, ಈ ಕಡೆ ಬ್ರಿಟಿಷರ ಮರ್ಜಿಯಲ್ಲಿದ್ದ ಸಂಸ್ಥಾನ. ಮೇಲ್ಗಡೆ ಇದ್ದೂ ಕೈ ಕೆಳಗಿದ್ದವರು ನಾವು. ಈ ವಾದ ಈಗಲೂ ನನಗೆ ಸರಿ ಅನ್ನಿಸುತ್ತದೆ. ನದಿಯಲ್ಲಿ ಮೇಲೆ ಇರುವುದು ಬೇರೆ, ಬಲದಲ್ಲಿ ಮೇಲೆ ಇರುವುದು ಬೇರೆ. ಫರಕ್ಕಾದಲ್ಲಿ ಭಾರತಕ್ಕೆ ಎರಡೂ ಇತ್ತು. ಕಾವೇರಿಯಲ್ಲಿ ನಮಗೆ ಒಂದೇ ಇತ್ತು.

ಆದರೆ ಇನ್ನೊಂದು ಕಡೆ ನೋಡಿದರೆ ತಲೆ ತಿರುಗುತ್ತದೆ. ನೀರುಗಂಟಿ ಇರುವ ಕಡೆ, ಅಂದರೆ ನಮ್ಮಲ್ಲಿ, ಮಳೆ ಕೈಕೊಟ್ಟ ವರ್ಷ ಬಸ್ಸು ಸುಡುತ್ತದೆ. ನೀರುಗಂಟಿ ಇಲ್ಲದ ಕಡೆ 1996ರ ಡಿಸೆಂಬರ್ 12ರಂದು ಎರಡು ದೇಶ ಕೂತು 30 ವರ್ಷಕ್ಕೆ ಸಹಿ ಹಾಕಿದವು. ಫರಕ್ಕಾಕ್ಕೆ ಬರುವ ನೀರು 70,000 ಕ್ಯುಸೆಕ್‌ವರೆಗೆ ಇದ್ದರೆ ಅರ್ಧ ಅರ್ಧ. 75,000 ದಾಟಿದರೆ ಭಾರತಕ್ಕೆ 40,000, ಉಳಿದದ್ದು ಬಾಂಗ್ಲಾಕ್ಕೆ. ಎರಡರ ಮಧ್ಯೆ ಇದ್ದರೆ ಬಾಂಗ್ಲಾಕ್ಕೆ 35,000. ಹತ್ತು ಹತ್ತು ದಿನಕ್ಕೆ ಲೆಕ್ಕ. ಅಲ್ಲೂ ಗೊಣಗಾಟ ಇಲ್ಲ ಅಂತಲ್ಲ, ಬೇಸಿಗೆ ಬಂದರೆ ಶುರು. ಆದರೆ ನೀರು ಕಡಿಮೆಯಾದಾಗ ಹೇಗೆ ಹಂಚಬೇಕು ಅಂತ ಮೊದಲೇ ಬರೆದಿಟ್ಟಿದ್ದಾರೆ. ನಮ್ಮ ಜಗಳ ಪೂರ್ತಿ ಇರುವುದೇ ಆ ಜಾಗದಲ್ಲಿ, ಸಂಕಷ್ಟದ ವರ್ಷದ ಸೂತ್ರ ಏನು ಅಂತ.

ಆ ಒಪ್ಪಂದಕ್ಕೆ ಆಗಿನ ಬಾಂಗ್ಲಾ ಪ್ರಧಾನಿ ಶೇಖ್ ಹಸೀನಾ ಎದುರು ಭಾರತದ ಪರ ಸಹಿ ಹಾಕಿದ್ದು ಯಾರು ಗೊತ್ತಲ್ಲ? ನಮ್ಮ ದೇವೇಗೌಡರು. ಹಾಸನದವರು, ಹೇಮಾವತಿ ನೀರಿನವರು, ಕರ್ನಾಟಕದ ನೀರಾವರಿ ಮಂತ್ರಿಯಾಗಿದ್ದವರು. ಕಾವೇರಿಯ ವಿಷಯದಲ್ಲಿ ಮೇಲಿನ ಗದ್ದೆಯವರ ವಾದವನ್ನು ಅವರಷ್ಟು ಹಟದಿಂದ ಮಾಡಿದವರು ಕಡಿಮೆ. ಸೆಮಿನಾರಿಗೆ ಓದುವಾಗ ಈ ಹೆಸರು ಕಂಡು ನಾನು ಪುಟ ತಿರುಗಿಸಿ ಮತ್ತೆ ನೋಡಿದ್ದೆ. ಪ್ರಧಾನಿ ಕುರ್ಚಿಯಲ್ಲಿ ಹನ್ನೊಂದು ತಿಂಗಳೂ ಕೂರದ ಮನುಷ್ಯ, ಅದರೊಳಗೆ ಗಂಗೆಯ ನೀರನ್ನು ಕೆಳಗಿನವರ ಜೊತೆ ಹಂಚಿಕೊಂಡರು. ಆ ಸಹಿ ಹಾಕುವಾಗ ಅವರಿಗೆ ಕಾವೇರಿ ನೆನಪಾಗಿತ್ತಾ? ಈ ಒಂದು ಪ್ರಶ್ನೆ ಅವರಿಗೆ ಕೇಳಬೇಕು ಅಂತ ನನಗೆ ಬಹಳ ದಿನದಿಂದ ಆಸೆ.

ಇನ್ನು ಆ ಎರಡು ಅಂಕದ ಪ್ರಶ್ನೆ. ಗಂಗೆಯ ಒಪ್ಪಂದ ಆಗಬೇಕಾದರೆ ಪಶ್ಚಿಮ ಬಂಗಾಳದ ಆಗಿನ ಮುಖ್ಯಮಂತ್ರಿ ಜ್ಯೋತಿ ಬಸು ಒಪ್ಪಬೇಕಾಗಿತ್ತು, ಒಪ್ಪಿದರು. 2011ರಲ್ಲಿ ತೀಸ್ತಾ ಅನ್ನುವ ಇನ್ನೊಂದು ನದಿಯ ಒಪ್ಪಂದಕ್ಕೆ ಪ್ರಧಾನಿ ಮನಮೋಹನ್ ಸಿಂಗ್ ಢಾಕಾಗೆ ಹೋದಾಗ ಬಂಗಾಳದ ಆಗಿನ ಮುಖ್ಯಮಂತ್ರಿ ಮಮತಾ ಬ್ಯಾನರ್ಜಿ ಒಪ್ಪಲಿಲ್ಲ, ಒಪ್ಪಂದ ನಿಂತೇ ಹೋಯಿತು. ನಮ್ಮ ಪುಸ್ತಕದ ಪ್ರಕಾರ ಪಶ್ಚಿಮ ಬಂಗಾಳ ರಾಜ್ಯವೇ ಅಲ್ಲ. ರಾಜ್ಯವಲ್ಲದ ರಾಜ್ಯ ಎರಡು ನಿಜವಾದ ರಾಜ್ಯಗಳ ಮಧ್ಯದ ಸಹಿಯನ್ನು ತಡೆಯಿತು. ಹಿಂದಿನ ಬೆಂಚಿನ ಹುಡುಗನಿಗೆ ಈಗ ಈ ಕಥೆ ಹೇಳುತ್ತೇನೆ. ಪರೀಕ್ಷೆಗೆ ಮಾತ್ರ "ಅಲ್ಲ" ಅಂತಲೇ ಬರಿ ಅನ್ನುತ್ತೇನೆ.

ತಂಜಾವೂರಿನ ಕಟ್ಟು

ಮೈಸೂರಿನಲ್ಲಿ ಈ ವಿಷಯ ಓದುವವರಿಗೆ ಒಂದು ಸಣ್ಣ ಜಂಬ ಇದೆ. ಕೌಟಿಲ್ಯನ ಅರ್ಥಶಾಸ್ತ್ರದ ಓಲೆಗರಿ ಸಿಕ್ಕಿದ್ದು ಇಲ್ಲೇ, ಆಗಿನ ಓರಿಯಂಟಲ್ ಲೈಬ್ರರಿಯಲ್ಲಿ, ಆರ್. ಶಾಮಶಾಸ್ತ್ರಿಗಳ ಕೈಗೆ. 1909ರಲ್ಲಿ ಸಂಸ್ಕೃತ ಪಾಠ ಅಚ್ಚಾಯಿತು, 1915ರಲ್ಲಿ ಇಂಗ್ಲಿಷ್ ಅನುವಾದ ಪುಸ್ತಕವಾಗಿ ಬಂತು. ಅದರಲ್ಲಿ ಮಂಡಲ ಸಿದ್ಧಾಂತ. ಪಕ್ಕದ ರಾಜ ಶತ್ರು, ಅವನ ಪಕ್ಕದವನು ಮಿತ್ರ. ಸೆಮಿನಾರಿನ ಗಾಯ ಹಸಿಯಾಗಿದ್ದಾಗ ನಾನು ಇದನ್ನು ಹಿಡಿದುಕೊಂಡೆ. ನೋಡಿ, ನಮ್ಮ ಹಿರಿಯರೇ ಹೇಳಿದ್ದಾರಲ್ಲ, ಪಕ್ಕದವನು ಶತ್ರು! ಆದರೆ ಲೆಕ್ಕ ಕೂಡಿ ಬರಲಿಲ್ಲ. ತಮಿಳುನಾಡಿನ ಆಚೆಯ ಕೇರಳ ನಮಗೆ ಮಿತ್ರ ಆಗಬೇಕು, ಆದರೆ ಕೇರಳ ನಮ್ಮ ಪಕ್ಕಕ್ಕೂ ಇದೆ, ಕಬಿನಿ ಹುಟ್ಟುವುದೂ ಅವರ ವಯನಾಡಿನಲ್ಲಿ. ಕೌಟಿಲ್ಯ ದೂರದ ಬಲಶಾಲಿ ರಾಜನಿಗೆ 'ಉದಾಸೀನ' ಅಂತ ಕರೆಯುತ್ತಾನೆ. ಅವನ ಅರ್ಥ ಯಾರ ಕಡೆಗೂ ಸೇರದವನು ಅಂತ, ನಮ್ಮ ಅರ್ಥ ತಲೆಗೇ ಹಾಕಿಕೊಳ್ಳದವನು ಅಂತ. ದೆಹಲಿಗೆ ಎರಡೂ ಹೊಂದುತ್ತದೆ ಅನ್ನಿಸಿ ಲೈಬ್ರರಿಯಲ್ಲಿ ಒಬ್ಬಳೇ ನಕ್ಕಿದ್ದೆ.

ಆಮೇಲೆ ಗೊತ್ತಾಯಿತು, ಆ ಓಲೆಗರಿ ಕಟ್ಟನ್ನು ಮೈಸೂರಿಗೆ ತಂದುಕೊಟ್ಟವರು ತಂಜಾವೂರು ಜಿಲ್ಲೆಯ ಒಬ್ಬ ಪಂಡಿತರು. ತಂಜಾವೂರು! ನಾಲೆ ತುದಿಯ ಊರು. ನಾವು ನೀರು ಬಿಡಲಿಲ್ಲ ಅಂತ ಕುರುವೈ ಭತ್ತದ ಬೆಳೆ ಒಣಗಿಸಿಕೊಳ್ಳುವ ಊರು. ಅಲ್ಲಿಂದ ಹೊಳೆಯ ಎದುರು ದಿಕ್ಕಿಗೆ ಹತ್ತಿ ಬಂದ ಕಟ್ಟು ಅದು. ನಮ್ಮ ಜಂಬದಲ್ಲಿ ಅರ್ಧ ಅವರದು.

ಕೊನೆ ಭಾಗ

ಇಷ್ಟೆಲ್ಲ ಓದಿಯೂ ನನ್ನ ಕಣ್ಣ ಮುಂದೆಯೇ ಇದ್ದ ಒಂದು ವಿಷಯ ನನಗೆ ಕಂಡಿರಲಿಲ್ಲ. ಅದನ್ನು ತೋರಿಸಿದ್ದು ಅಪ್ಪ, ತೋರಿಸಬೇಕು ಅಂತ ತೋರಿಸಿದ್ದಲ್ಲ.

ನಮ್ಮೂರು ವಿಶ್ವೇಶ್ವರಯ್ಯ ನಾಲೆಯ ಕೊನೆ ಭಾಗದಲ್ಲಿದೆ. ಕೊನೆ ಭಾಗ ಅನ್ನುವುದು ಮದ್ದೂರು, ಮಳವಳ್ಳಿ ಕಡೆ ಒಂದು ಜಾತಿಯ ಹೆಸರಿದ್ದ ಹಾಗೆ. ಕೊನೆ ಭಾಗದೋರು ಅಂದರೆ ಸಾಕು, ಅವರ ಕಷ್ಟ ಏನು ಅಂತ ಬೇರೆ ಹೇಳಬೇಕಿಲ್ಲ. ಕಟ್ಟೆ ತುಂಬಿದ ವರ್ಷವೂ ನಮಗೆ ನೀರು ಬರುವುದು ಎಲ್ಲರದೂ ಮುಗಿದ ಮೇಲೆ. ಮೂರನೇ ಸೆಮಿಸ್ಟರ್ ಮುಗಿಸಿ ಮನೆಗೆ ಬಂದಾಗ ಒಂದು ರಾತ್ರಿ ಅಪ್ಪನ ಜೊತೆ ಗದ್ದೆ ಕಡೆ ಹೋಗಿದ್ದೆ. ಬೆಳೆದು ನಿಂತ ಪೈರು ಏನೂ ಇರಲಿಲ್ಲ, ಆ ವರ್ಷ ಭತ್ತ ಹಾಕಬೇಡಿ ಅಂದಿದ್ದರು. ಕುಡಿಯುವ ನೀರಿಗೆ, ಕೆರೆ ತುಂಬಿಸಲು ಅಂತ ನಾಲೆಗೆ ಒಂದಿಷ್ಟು ಬಿಟ್ಟಿದ್ದರು. ನಮ್ಮ ಕಡೆಗೆ ಬಂದದ್ದು ಒಂದು ಗೇಣು. ಅಪ್ಪ ಟಾರ್ಚು ಹಿಡಿದು ತೂಬಿನ ಹತ್ತಿರ ಕೂತರು. ಆಮೇಲೆ ಕತ್ತಲೆಗೆ ಬೈಯಲು ಶುರು ಮಾಡಿದರು. "ಮೇಲ್ಗಡೆಯೋರು ಎಲ್ಲಾ ಕಟ್ಕಂಡವ್ರೆ. ಅವ್ರು ಮಿಕ್ಕಿದ್ದು ಬುಡ್ಬೇಕು, ನಾವು ಕೈ ಒಡ್ಡ್‌ಬೇಕು. ನಮ್ಗೇನು ಅವ್ರು ದಾನ ಕೊಡೋದಾ?"

ನಾನು ಸುಮ್ನೆ ಕೂತಿದ್ದೆ. ನನ್ನ ಸೆಮಿನಾರಿನ ಕೊನೇ ಪುಟ ಮೂರನೇ ಸಲ ಓದಿಸಿಕೊಂಡ ಹಾಗಿತ್ತು, ಈ ಸಲ ಅಪ್ಪನ ಬಾಯಲ್ಲಿ. ಅವರು ಬೈಯುತ್ತಿದ್ದದ್ದು ಶ್ರೀರಂಗಪಟ್ಟಣ, ಮಂಡ್ಯ ಕಡೆಯವರಿಗೆ. ಸಂಜಯ ವೃತ್ತದಲ್ಲಿ ಇವರ ಪಕ್ಕದಲ್ಲೇ ಕೂತು ಘೋಷಣೆ ಕೂಗಿದವರಿಗೆ.

ಹೇಳಲೋ ಬೇಡವೋ ಅಂತ ಬಹಳ ಹೊತ್ತು ಯೋಚಿಸಿ, ಕೊನೆಗೆ ಆ ಸೆಮಿನಾರಿನ ಕಥೆ ಹೇಳಿದೆ. ಚೀಟಿ, ಬಾಂಗ್ಲಾ, ಹೂಳು, ಅರ್ಧ ಅರ್ಧ, ದೇವೇಗೌಡರ ಸಹಿ. ಕೆಆರ್‌ಎಸ್ ಅಂತ ಓದಿಸಿದ್ದನ್ನೂ ಹೇಳಿದೆ. ಬೈತಾರೆ ಅಂತ ಕಾದೆ. ಅಪ್ಪ ಬೀಡಿ ಮುಗಿಯುವವರೆಗೆ ಮಾತಾಡಲಿಲ್ಲ. ಆಮೇಲೆ ಕೇಳಿದರು: "ಸರಿ ಮಗಾ, ಗೌಡ್ರು ಸಹಿ ಹಾಕುದ್ರು, ನೀರು ಬುಟ್ರು. ಅಲ್ಲಿ ಕೊನೆ ಭಾಗದೋನ್ಗೆ ಬಂತಾ?"

ನನಗೆ ಉತ್ತರ ಗೊತ್ತಿರಲಿಲ್ಲ. ಒಪ್ಪಂದದಲ್ಲಿ ನೀರು ಅಳೆಯುವುದು ಫರಕ್ಕಾದಲ್ಲಿ, ಆಮೇಲೆ ಗಡಿ ದಾಟಿ ಹಾರ್ಡಿಂಜ್ ಸೇತುವೆಯ ಹತ್ತಿರ. ಅಲ್ಲಿಗೆ ಎರಡು ದೇಶದ ಲೆಕ್ಕ ಮುಗಿಯುತ್ತದೆ. ನಾನು ಓದಿದ ಯಾವ ಪುಟವೂ ಅದಕ್ಕಿಂತ ಕೆಳಗೆ ಇಳಿದಿರಲಿಲ್ಲ. ಮೈಸೂರಿಗೆ ಹೋದ ಮೇಲೆ ಹುಡುಕಿದೆ. ಆ ಸೇತುವೆಯ ಹತ್ತಿರ ಭೇಡಾಮಾರಾ ಅನ್ನುವ ಊರಿದೆ. ಅಲ್ಲಿ ದೊಡ್ಡ ಪಂಪುಗಳು ಪದ್ಮಾ ನೀರನ್ನು ಎತ್ತಿ ಗಂಗಾ–ಕೊಬೊದಾಕ್ ಯೋಜನೆಯ ನಾಲೆಗೆ ಬಿಡುತ್ತವೆ. ನದಿ ಮಟ್ಟ ಇಳಿದರೆ ಪಂಪಿಗೆ ನೀರು ಸಿಗುವುದಿಲ್ಲ. ಸಿಕ್ಕಿದರೂ ಅದು ನಾಲೆ, ಅದಕ್ಕೂ ಒಂದು ತುದಿ ಇರುತ್ತದೆ. ಊರಿಗೆ ಫೋನು ಮಾಡಿ ಇಷ್ಟು ಹೇಳಿದೆ.

"ಪಂಪ್‌ಸೆಟ್ಟಾ?" ಅಂದರು ಅಪ್ಪ. "ಕರೆಂಟು ಎಷ್ಟೊತ್ತು ಕೊಡ್ತಾರಂತೆ?"